ಜೆದ್ದಾದಿಂದ ಬಂದ ಸಾಮಾನು

ಮೂಡಿಗೆರೆ,
೧೨ ಅಕ್ಟೋಬರ್ ೧೯೮೫

ಜೆದ್ದಾದಲ್ಲಿರುವ ನಮ್ಮ ಮನೆಯವರಿಗೆ ರಶೀದಾ ಮಾಡುವ ಸಲಾಂ.

ನಿಮ್ಮ ಎರಡೂ ಪತ್ರ ಬಂದವು. ಬಸವರಾಜಪ್ಪನವರ ಅಂಗಡಿಗೆ ನೀವು ಮಾಡಿದ ಟ್ರಂಕ್ ಕಾಲ್ ಕೂಡ ಬಂತು. ಮೂರರಲ್ಲೂ ಕೇಳಿದ್ದು ಒಂದೇ ವಿಷಯ. ಅಮ್ಮಿ ತೀರಿಹೋಗುವ ಮೊದಲು ಟೇಪ್ ರೆಕಾರ್ಡರ್ ಮುಂದೆ ಕೂತು ನಿಮಗಾಗಿ ಮಾತಾಡಿದರಂತೆ, ಇಲಿಯಾಸ್ ಹೇಳಿದನಂತೆ, ಆ ಕ್ಯಾಸೆಟ್ಟು ಎಲ್ಲಿ, ಇನ್ನೂ ಯಾಕೆ ಕಳಿಸಿಲ್ಲ ಎಂದು. ತಾಯಿಯ ಮಣ್ಣಿಗೆ ಬರಲಾಗದ ಮಗನಿಗೆ ಅವಳ ದನಿಯಾದರೂ ಸಿಗಲಿ ಎಂದು ಬರೆದಿದ್ದೀರಿ. ಅದನ್ನು ಓದಿ ಹೇಳಿದಾಗ ಪಕ್ಕದ ಮನೆಯ ಅನ್ವರಿ ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ. ಒಲೆಯ ಮೇಲೆ ಹಾಲಿತ್ತು.

ರಜಬ್ ಅಲಿ ಭಾಯಿ ರಜೆ ಮುಗಿಸಿ ನಾಳೆ ಹೊರಡುತ್ತಾರೆ. ಹೇಗೂ ನಿಮ್ಮ ಕೋಣೆಯಲ್ಲೇ ಇರುವವರು. ಕ್ಯಾಸೆಟ್ಟನ್ನೂ ಈ ಪತ್ರವನ್ನೂ ಅವರ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುತ್ತಿದ್ದೇನೆ. ಕ್ಯಾಸೆಟ್ಟಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು, ನೀವು ಪ್ರತಿ ಪತ್ರದ ಕೊನೆಯಲ್ಲಿ ತಪ್ಪದೆ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು. ಕಳಿಸಿದ ಸಾಮಾನು ಚೆನ್ನಾಗಿದೆಯಾ, ಖುಷಿಯಾಯಿತಾ ಎಂದು ಕೇಳುತ್ತೀರಿ. ಇಷ್ಟು ವರ್ಷ ಖುಷಿಯಾಯಿತು ಎಂದಷ್ಟೇ ಬರೆದು ಮುಗಿಸಿದ್ದೇನೆ. ಈ ಸಲ ಬಿಡಿಸಿ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಮಿಕ್ಸಿ ಒಳ್ಳೆಯದು, ಸುಳ್ಳು ಹೇಳಬಾರದು. ಅದರ ಪ್ಲಗ್ಗು ನಮ್ಮ ಗೋಡೆಗೆ ಕೂರಲಿಲ್ಲ, ನಿಮ್ಮ ತಮ್ಮ ಇಲಿಯಾಸ್ ಗ್ಯಾರೇಜಿನಿಂದ ಬಂದು ವೈರು ಕತ್ತರಿಸಿ ಬೇರೆ ಹಾಕಿಕೊಟ್ಟ. ತೆಂಗಿನಕಾಯಿ, ಕೊತ್ತಂಬರಿ, ಮೆಣಸು ಎಲ್ಲ ಎರಡು ನಿಮಿಷಕ್ಕೆ ನುಣ್ಣಗಾಗುತ್ತದೆ. ಆದರೆ ಮೊದಲು ನಾನು ಒರಳಿನ ಮುಂದೆ ಕೂತರೆ ಮಸಾಲೆ ಮುಗಿಯುವವರೆಗೆ ಯಾರೂ ಕರೆಯುತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಿರುಗುತ್ತಿತ್ತು, ನಾನು ನನ್ನ ಪಾಡಿಗೆ ಏನಾದರೂ ಯೋಚಿಸುತ್ತಿದ್ದೆ. ಹೆಚ್ಚಾಗಿ ನಿಮ್ಮನ್ನೇ. ಈಗ ಹಾಗೆ ಯೋಚಿಸಲು ಮನೆಯಲ್ಲಿ ಜಾಗವಿಲ್ಲ, ಅದೂ ಒಳ್ಳೆಯದೇ ಆಯಿತು.

ಟೇಬಲ್ ಫ್ಯಾನಿನ ವಿಷಯ ಏನು ಬರೆಯಲಿ. ಬೇಸಿಗೆಯಲ್ಲೂ ಬೆಳಗಿನ ಜಾವ ಕಂಬಳಿ ಎಳೆದುಕೊಳ್ಳುವ ಊರು ಇದು. ನೀವು ಹುಟ್ಟಿದ್ದು ಇಲ್ಲೇ. ಆದರೂ ಫ್ಯಾನ್ ಕಳಿಸಿದಿರಿ. ಅಲ್ಲಿನ ಸೆಕೆಯಲ್ಲಿ ಕೂತವರಿಗೆ ಇಲ್ಲಿನ ಚಳಿ ಮರೆತುಹೋಗಿದೆ ಎಂದು ಅದನ್ನು ಬಿಚ್ಚಿದ ದಿನವೇ ನನಗೆ ಗೊತ್ತಾಯಿತು. ಈಗ ಅದನ್ನು ಒಗೆದ ಬಟ್ಟೆಯ ಮುಂದೆ ಇಡುತ್ತೇನೆ. ಮಳೆಗಾಲದಲ್ಲಿ ಒಣಗದ ಲಂಗದ ವಾಸನೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಕಾಫಿ ಪುಡಿಯ ಡಬ್ಬ ನೋಡಿ ಇಡೀ ಓಣಿ ನಕ್ಕಿತು. ಬಸ್ ಸ್ಟ್ಯಾಂಡಿನಿಂದ ಯಾವ ಕಡೆ ನಡೆದರೂ ಕಾಫಿ ತೋಟಕ್ಕೆ ಹೋಗಿ ನಿಲ್ಲುವ ಊರಿಗೆ ಸಮುದ್ರದ ಆಚೆಯಿಂದ ಕಾಫಿ ಕಳಿಸಿದ ಪುಣ್ಯಾತ್ಮ ನೀವೊಬ್ಬರೇ ಇರಬೇಕು. ಬಸವರಾಜಪ್ಪನವರು ಒಂದು ಚಮಚ ಕೇಳಿ ಪಡೆದುಕೊಂಡು ಹೋಗಿ, ಪಾತ್ರೆ ತೊಳೆದ ನೀರು ಕುಡಿದ ಹಾಗಾಯಿತು ಎಂದರು. ನಿಜ. ಆದರೂ ಒಂದು ಗುಟ್ಟು ಹೇಳುತ್ತೇನೆ, ಬೆಳಿಗ್ಗೆ ಎದ್ದು ನಾನು ಕುಡಿಯುವುದು ಅದನ್ನೇ. ಬಿಸಿನೀರಿಗೆ ಹಾಕಿದರೆ ಮುಗಿಯಿತು, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡುತ್ತಾ ನಿಲ್ಲಬೇಕಾಗಿಲ್ಲ. ಕಾಯುವ ಕೆಲಸ ನನಗೆ ಬೇಜಾರಾಗಿಹೋಗಿದೆ.

ಕಲರ್ ಟಿವಿ ಹಾಗೇ ಇದೆ. ಇಲಿಯಾಸ್ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ, ಹೆಂಚಿನ ಮೇಲೆ ಹತ್ತಿ ಎಲ್ಲ ದಿಕ್ಕಿಗೂ ತಿರುಗಿಸಿ ಸೋತ. ಗುಡ್ಡ ಅಡ್ಡ ಇದೆಯಂತೆ. ಒಂದು ಭಾನುವಾರ ಯಾರೋ ಹೆಂಗಸಿನ ಅರ್ಧ ಮುಖ ಬಂದು ಹೋಯಿತು, ಓಣಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಈಗ ಅದರ ಮೇಲೆ ಕಸೂತಿ ಬಟ್ಟೆ ಹಾಸಿ ನಿಮ್ಮ ಫೋಟೋ ಇಟ್ಟಿದ್ದೇನೆ. ಕಾರಿಗೆ ಒರಗಿ ನಿಂತಿದ್ದೀರಲ್ಲ, ಅದು. ಕಾರು ನಿಮ್ಮದಲ್ಲ ಎಂದು ರಜಬ್ ಅಲಿ ಭಾಯಿ ಹೇಳಿದರು. ನಾನು ಕೇಳಿರಲಿಲ್ಲ, ಅವರೇ ಹೇಳಿದರು.

ಟ್ರಂಕ್ ಕಾಲ್‌ನಷ್ಟು ಕಿರಿಕಿರಿ ನನಗೆ ಇನ್ನಾವುದೂ ಇಲ್ಲ. ಹೇಗಿದ್ದೀಯ ಎಂದು ನೀವು ಕಿರುಚಬೇಕು, ಚೆನ್ನಾಗಿದ್ದೇನೆ ಎಂದು ನಾನು ಕಿರುಚಬೇಕು. ಬೆಲ್ಲ ತೂಗಿಸಿಕೊಳ್ಳಲು ಬಂದವರು ತಕ್ಕಡಿ ಬಿಟ್ಟು ನನ್ನ ಬಾಯಿ ನೋಡುತ್ತಾರೆ. ಚೆನ್ನಾಗಿಲ್ಲ ಎನ್ನುವುದನ್ನು ಯಾರೂ ಕಿರುಚಿ ಹೇಳುವುದಿಲ್ಲ. ಹಾಗಾಗಿ ಫೋನಿನಲ್ಲಿ ನಾನು ಯಾವಾಗಲೂ ಚೆನ್ನಾಗಿಯೇ ಇದ್ದೇನೆ.

ಇಷ್ಟೆಲ್ಲ ಸಾಮಾನಿನಲ್ಲಿ ನನಗೆ ಮನಸಾರೆ ಇಷ್ಟವಾದದ್ದು ಟೇಪ್ ರೆಕಾರ್ಡರ್. ಈ ಮನೆಯಲ್ಲಿ ಅದನ್ನು ನಡೆಸಲು ಬರುವುದು ನನಗೊಬ್ಬಳಿಗೇ ಎನ್ನುವುದು ಅದಕ್ಕೆ ಒಂದು ಕಾರಣ. ಅಮ್ಮಿಗೆ ಓದು ಬರಹ ಬರುತ್ತಿರಲಿಲ್ಲವಲ್ಲ, ನಿಮ್ಮ ಮಾತು ಅವರಿಗೆ ಕ್ಯಾಸೆಟ್ಟಿನಲ್ಲೇ ಬರಬೇಕಿತ್ತು. ಅದೂ ಒಂದೇ ಕ್ಯಾಸೆಟ್ಟು, ನಿಮಗೆ ಗೊತ್ತೇ ಇದೆ. ನೀವು ಮಾತು ತುಂಬಿಸಿ ಕಳಿಸಬೇಕು, ನಾವು ಕೇಳಿ, ಅದರ ಮೇಲೆಯೇ ನಮ್ಮ ಮಾತು ತುಂಬಿಸಿ ಊರಿಂದ ಹೊರಟವರ ಕೈಗೆ ಕೊಡಬೇಕು. ಇನ್ನೊಂದು ಕ್ಯಾಸೆಟ್ಟು ತರೋಣ ಎಂದರೆ ಅಮ್ಮಿ ಒಪ್ಪುತ್ತಿರಲಿಲ್ಲ. ಮಗನ ಉಸಿರು ತಾಗಿದ್ದರಲ್ಲೇ ನನ್ನ ಉಸಿರೂ ಹೋಗಲಿ ಎನ್ನುತ್ತಿದ್ದರು. ಹೀಗೆ ನೀವು ಆಡಿದ್ದನ್ನು ಅವರು ಅಳಿಸುತ್ತಿದ್ದರು, ಅವರು ಆಡಿದ್ದನ್ನು ನೀವು ಅಳಿಸುತ್ತಿದ್ದಿರಿ.

ಈ ವರ್ಷ ರಂಜಾನಿಗೆ ಮೊದಲು ಬಂದ ಕ್ಯಾಸೆಟ್ಟಿನ ವಿಷಯ ನಿಮಗೆ ಯಾರೂ ಬರೆದಿರಲಿಕ್ಕಿಲ್ಲ. ಅಮ್ಮಿ ಅದನ್ನು ಒಬ್ಬರೇ ಕೇಳುತ್ತಾರೆ ಎಂದು ನೀವು ಯಾಕೆ ಅಂದುಕೊಂಡಿರೋ ನನಗೆ ತಿಳಿಯದು. ಜೆದ್ದಾದ ಕ್ಯಾಸೆಟ್ಟು ಬಂತು ಎಂದರೆ ಓಣಿಯ ಅರ್ಧ ಹೆಂಗಸರು ನಮ್ಮ ಪಡಸಾಲೆಯಲ್ಲಿರುತ್ತಾರೆ. ಆವತ್ತೂ ಇದ್ದರು. ನಾನು ಕ್ಯಾಸೆಟ್ಟು ಹಾಕಿ, ಒಳಗೆ ಹೋಗಿ, ಎಲ್ಲರಿಗೂ ಟೀ ತಂದೆ. ನೀವು ಅಲ್ಲಿನ ಸೆಕೆಯ ವಿಷಯ ಹೇಳಿದಿರಿ, ಕಂಪನಿಯ ಏರ್ ಕಂಡಿಷನ್ ವರ್ಣನೆ ಮಾಡಿದಿರಿ. ಆಮೇಲೆ ದನಿ ತಗ್ಗಿಸಿದಿರಿ. ನಿಮ್ಮ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

“ಅಮ್ಮಿ, ಇದು ರಶೀದಾಗೆ ಗೊತ್ತಾಗೋದು ಬೇಡ. ಇನ್ನೂ ನಾಲ್ಕು ವರ್ಷಕ್ಕೆ ಸಹಿ ಹಾಕಿದ್ದೀನಿ. ಈ ವರ್ಷ ಬಂದೇಬಿಡ್ತೀನಿ ಅಂತ ಅವಳಿಗೆ ಹೇಳಿದ್ದೆ, ನಂಗೆ ಬರೋ ಮನಸ್ಸಿಲ್ಲ. ಒಂದು ಸಾಮಾನು ಕಳಿಸಿದ್ರೆ ಅವಳು ಆರು ತಿಂಗಳು ಸುಮ್ಮನಿರ್ತಾಳೆ. ಈ ಸಲ ಫ್ರಿಜ್ ಕಳಿಸ್ತೀನಿ, ದೊಡ್ಡದು.”

ಅಮ್ಮಿಗೆ ಅದನ್ನು ನಿಲ್ಲಿಸಲು ಬರುತ್ತಿರಲಿಲ್ಲ. ನಿಲ್ಲಿಸಲು ಬರುವವಳ ಎರಡೂ ಕೈಯಲ್ಲಿ ತಟ್ಟೆ ಇತ್ತು. ಅನ್ವರಿ ಖಾಲಾ ನಕ್ಕರು, ಅವರು ನಕ್ಕಿದ್ದಕ್ಕೆ ಉಳಿದವರೂ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಮಾತು ನಗು ಬರುವ ಹಾಗೇ ಇತ್ತು. ನಾನು ಎಲ್ಲರಿಗೂ ಟೀ ಕೊಟ್ಟೆ, ಸಕ್ಕರೆ ಸಾಕಾ ಎಂದು ವಿಚಾರಿಸಿದೆ. ನೀವು ಬರುತ್ತೀರಿ, ಇಲಿಯಾಸನ ಜೊತೆ ಸ್ಪೇರ್ ಪಾರ್ಟ್ಸ್ ಅಂಗಡಿ ಇಡುತ್ತೀರಿ ಎಂದು ಹಿಂದಿನ ವಾರವಷ್ಟೇ ಅದೇ ಹೆಂಗಸರಿಗೆ ನಾನು ಹೇಳಿಕೊಂಡು ತಿರುಗಿದ್ದೆ.

ಆಮೇಲಿನಿಂದ ನನಗೆ ಬೀದಿಯಲ್ಲಿ ಒಂದು ಹೊಸ ಹೆಸರು ಬಂದ ಹಾಗಾಗಿದೆ. ಮೀನಿನವಳ ಹತ್ತಿರ ಚೌಕಾಸಿ ಮಾಡಿ ದನಿ ಏರಿಸಿದರೆ, ಏನ್ ರಶೀದಾ, ಈ ಸಲ ಸಾಮಾನು ಬರಲಿಲ್ವಾ ಎನ್ನುತ್ತಾರೆ. ತಲೆನೋವೆಂದು ಮಲಗಿದರೆ ಮುಂದಿನ ಸಾಮಾನು ಯಾವುದು ಎಂದು ಕೇಳುತ್ತಾರೆ. ಚಿಕ್ಕಮಗಳೂರಿನ ಮದುವೆಯಲ್ಲಿ ನನಗೆ ಗುರುತೇ ಇಲ್ಲದ ಹೆಂಗಸೊಬ್ಬಳು, ಫ್ರಿಜ್ ಬಂತೇನಮ್ಮ ಎಂದಳು. ಬಂತು. ಅಮ್ಮಿ ತೀರಿಕೊಂಡ ವಾರ ಲಾರಿಯಲ್ಲಿ ಬಂತು. ಮಾತಾಡಿಸಲು ಬಂದವರೆಲ್ಲ ಅದರ ಬಾಗಿಲು ತೆಗೆದು ಕೈಯಿಟ್ಟು ನೋಡಿಕೊಂಡು ಹೋದರು. ಈ ಚಳಿಯ ಊರಿನಲ್ಲಿ ಅದರೊಳಗೆ ಇಡಲು ನನ್ನ ಹತ್ತಿರ ಏನೂ ಇಲ್ಲ.

ಇನ್ನು ನೀವು ಕೇಳಿದ ಮಾತು.

ಅಮ್ಮಿಗೆ ಉಬ್ಬಸ ಜೋರಾಗಿತ್ತು. ಇನ್ನು ಹೆಚ್ಚು ದಿನ ಇಲ್ಲ ಎಂದು ಅವರಿಗೇ ಗೊತ್ತಾಗಿರಬೇಕು, ಒಂದು ಮಧ್ಯಾಹ್ನ ದಿಂಬಿಗೆ ಒರಗಿಸಿ ಕೂರಿಸಲು ಹೇಳಿದರು. ಮಗ ಜಿಯಾನ ಹತ್ತಿರ ಮಾತಾಡಬೇಕು, ಮಿಷನ್ ತಗೊಂಡು ಬಾ ಎಂದರು. ತಂದೆ. ಒಳಗೆ ಅದೇ ಕ್ಯಾಸೆಟ್ಟು ಇತ್ತು, ಊರಿಂದ ಹೊರಡುವವರು ಸಿಗದೆ ಅದರ ಮೇಲೆ ಇನ್ನೂ ನಮ್ಮ ಮಾತು ತುಂಬಿಸಿರಲಿಲ್ಲ. ಮಾತು ತುಂಬಿಸಬೇಕಾದರೆ ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಬೇಕು. ಪಕ್ಕದ್ದೊಂದನ್ನೇ ಒತ್ತಿದರೆ ಒಳಗಿರುವ ಹಳೆಯ ಮಾತೇ ಬರುತ್ತದೆ. ಅಮ್ಮಿಗೆ ಗುಂಡಿಗಳ ವಿಷಯ ಗೊತ್ತಿಲ್ಲ, ಗಾಜಿನ ಹಿಂದೆ ಚಕ್ರ ತಿರುಗಿದರೆ ಸಾಕು, ಮಾತು ಮಗನ ಕಡೆ ಹೊರಟಿತು ಎಂದೇ ಲೆಕ್ಕ. ನಾನು ಪಕ್ಕದ ಗುಂಡಿಯೊಂದನ್ನೇ ಒತ್ತಿದೆ. ದನಿಯನ್ನು ಪೂರ್ತಿ ಇಳಿಸಿದೆ. ಚಕ್ರ ತಿರುಗಿತು.

ಅವರು ತುಂಬ ಹೊತ್ತು ಮಾತಾಡಿದರು. ಮಧ್ಯೆ ಉಸಿರು ಸಿಕ್ಕಿಹಾಕಿಕೊಂಡಾಗ ನನ್ನ ಕಡೆ ತಿರುಗಿ, “ಹೋಗ್ತಾ ಇದೆಯಾ?” ಎಂದು ಕೇಳುತ್ತಿದ್ದರು.

“ಹೋಗ್ತಾ ಇದೆ ಅಮ್ಮಿ, ಮಾತಾಡಿ” ಎನ್ನುತ್ತಿದ್ದೆ. ನೀರು ಕುಡಿಸುತ್ತಿದ್ದೆ. ಪೆಟ್ಟಿಗೆಯೊಳಗೆ ನೀವು ದನಿಯಿಲ್ಲದೆ ಮಾತಾಡುತ್ತಿದ್ದಿರಿ, ಹೊರಗೆ ಅವರು ನಿಮ್ಮ ಹತ್ತಿರ ಮಾತಾಡುತ್ತಿದ್ದರು.

ಕ್ಯಾಸೆಟ್ಟಿಗೆ ಎರಡು ಮಗ್ಗುಲು ಇರುತ್ತದಲ್ಲ ಎಂದು ನೀವು ಅನ್ನಬಹುದು. ಇರುತ್ತದೆ. ಆ ಮಗ್ಗುಲಲ್ಲೂ ನೀವೇ ಇದ್ದಿರಿ, ನಿಮ್ಮ ಊಟ ತಿಂಡಿಯ ಕಥೆ ಇತ್ತು. ಅದನ್ನು ಅಳಿಸಿ ಅಮ್ಮಿಯನ್ನು ಉಳಿಸಬಹುದಿತ್ತು. ಅಂಗಡಿಯಿಂದ ಹೊಸದೊಂದನ್ನು ತರಿಸಿ ಅವರಿಗೆ ಕಾಣದ ಹಾಗೆ ಹಾಕಬಹುದಿತ್ತು. ಎಲ್ಲ ಹೊಳೆದಿತ್ತು, ನಾನು ದಡ್ಡಿಯಲ್ಲ. ಕೊನೆಕೊನೆಗೆ ಅವರು ನನ್ನ ವಿಷಯ ತೆಗೆದರು. ನಾನು ಎದುರಿಗೇ ಕೂತಿದ್ದೇನೆ ಎನ್ನುವುದನ್ನು ಮರೆತವರ ಹಾಗೆ ಹೇಳಿದರು. ಮದುವೆಯಾಗಿ ಬಂದ ಮೇಲೆ ಯಾರೂ ನನ್ನ ಬಗ್ಗೆ ಅಂಥ ಮಾತು ಆಡಿರಲಿಲ್ಲ. ಆಗ ನನ್ನ ಬೆರಳು ಕೆಂಪು ಗುಂಡಿಯ ಮೇಲೆ ಹೋಯಿತು. ಒತ್ತಲಿಲ್ಲ. ಆ ಮಾತು ನಿಮಗೆ ಸಿಗುವುದು ನನಗೆ ಬೇಕಿರಲಿಲ್ಲ.

ಅಮ್ಮಿಯ ಮೇಲೆ ನಿನಗೇನು ಸಿಟ್ಟು ಎಂದು ಕೇಳಬೇಡಿ. ಇರಲಿಲ್ಲ. ಅವರ ಮೈ ತೊಳೆದವಳು ನಾನು, ಕಫದ ಬಟ್ಟಲು ಹಿಡಿದವಳು ನಾನು, ಅವರು ಹೋದ ಮೇಲೆ ಊಟ ಬಿಟ್ಟವಳೂ ನಾನೇ. ಸಿಟ್ಟು ನಿಮ್ಮ ಮೇಲೆ. ನೀವು ಸಮುದ್ರದ ಆಚೆ ಇದ್ದೀರಿ. ನಿಮಗೆ ನೋವು ಮಾಡಲು ನನ್ನ ಕೈಗೆ ಎಟುಕಿದ್ದು ಅದೊಂದೇ.

ಹಾಗಾಗಿ ರಜಬ್ ಅಲಿ ಭಾಯಿ ತಂದ ಕ್ಯಾಸೆಟ್ಟಿನಲ್ಲಿ ಅಮ್ಮಿ ಇಲ್ಲ, ನೀವಿದ್ದೀರಿ. ಅಮ್ಮಿಯ ಮಾತು ಇರುವುದು ನನ್ನ ತಲೆಯಲ್ಲಿ ಮಾತ್ರ. ಒಂದು ಕಡೆ ನಕ್ಕರು, ಒಂದು ಕಡೆ ಅತ್ತರು. ನಿಮ್ಮನ್ನು ಒಂದು ವಿಷಯಕ್ಕೆ ಕ್ಷಮಿಸಿದರು, ಇನ್ನೊಂದಕ್ಕೆ ಕ್ಷಮಿಸಲಿಲ್ಲ. ಯಾವುದಕ್ಕೆ ಯಾವುದು ಎಂದು ಪತ್ರದಲ್ಲಿ ಬರೆಯುವುದಿಲ್ಲ, ಟ್ರಂಕ್ ಕಾಲ್‌ನಲ್ಲಿ ಕಿರುಚುವುದೂ ಇಲ್ಲ. ನಾಲ್ಕು ವರ್ಷದ ಸಹಿ ಮುಗಿಸಿ ಬನ್ನಿ. ಆಗ ನನಗೆ ನೆನಪಿದ್ದಷ್ಟನ್ನು, ಹೇಳಬೇಕೆನಿಸಿದರೆ, ಹೇಳುತ್ತೇನೆ. ಈಗಾಗಲೇ ಸ್ವಲ್ಪ ಮರೆತಿದ್ದೇನೆ.

ಇನ್ನು ಮುಂದೆ ಸಾಮಾನು ಕಳಿಸಬೇಡಿ. ನಾನು ಸುಮ್ಮನಿದ್ದೇನೆ.

ನಿಮ್ಮ ಸಾಮಾನು ಕಾಯುತ್ತಿರುವ,
ರಶೀದಾ

ತಾ.ಕ.: ಊರಿನ ಕ್ಯಾಸೆಟ್ಟು ಬಂದರೆ ನಿಮ್ಮ ಕೋಣೆಯಲ್ಲೂ ಕಳಸ, ಮೂಡಿಗೆರೆ, ಮಲ್ಲಂದೂರಿನ ಕಡೆಯವರೆಲ್ಲ ಸೇರಿ ಕೇಳುತ್ತಾರಂತೆ, ರಜಬ್ ಅಲಿ ಭಾಯಿ ಹೇಳಿದರು. ಇದರಲ್ಲಿ ಅಮ್ಮಿಯ ಕೊನೆಯ ಮಾತಿದೆ ಎಂದು ಅವರಿಗೆ ಹೇಳಿ, ನಮ್ಮ ಕಡೆಯವರನ್ನೆಲ್ಲ ಕರೆದು ಕೂರಿಸಿ, ಎಲ್ಲರ ಎದುರಿಗೆ ಕೇಳಿಸಿದ ಮೇಲೆಯೇ ಈ ಪತ್ರ ಕೊಡಬೇಕು ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ. ಪಾಪ, ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿದರು. ಗುಂಡಿ ಒತ್ತಿದ ತಕ್ಷಣ ಶುರುವಾಗಲಿ ಎಂದು, ನೀವು ದನಿ ತಗ್ಗಿಸಿದ ಜಾಗಕ್ಕೇ ಟೇಪು ಸುತ್ತಿ ನಿಲ್ಲಿಸಿದ್ದೇನೆ.