ಹೂಂ ಅನ್ನೋರಿಲ್ಲದ ಕಥೆ

ಹೂಳೂರು, ಎರಡನೇ ವೈಶಾಖದ ನಲವತ್ತೊಂದನೇ ದಿನ, ಇಸವಿ ಎರಡು ಸಾವಿರದ ನೂರ ತೊಂಬತ್ತಾರು.

ಮೊಬೈಲು ಹಿಡಿದಿರೋ ಹಿರಿಯರಿಗೆ,

ನಮಗೆ ವೈಶಾಖ ಎರಡಿವೆ, ನಗಬೇಡಿ. ಬೇಸಿಗೆ ಮುಗಿಯದೇ ಇದ್ದದ್ದಕ್ಕೆ ಪಂಚಾಂಗದವರು ಐವತ್ತು ದಿನದ ಇನ್ನೊಂದು ತಿಂಗಳು ಹೊಲಿದು ಸೇರಿಸಿದರು. ನನ್ನ ಮಾತು ಅಲ್ಲಲ್ಲಿ ನಿಮಗೆ ತಿಳಿಯಲಿಕ್ಕಿಲ್ಲ. ನಿಮ್ಮ ಮಾತೂ ನಮಗೆ ಅರ್ಧಂಬರ್ಧವೇ ತಿಳಿಯೋದು, ಅಲ್ಲಿಗೆ ಸರಿಹೋಯಿತು. ನಾನು ಎಪ್ಪತ್ತು ದಾಟಿದ ಮುದುಕ, ಆದರೂ ನೀವೇ ಹಿರಿಯರು, ಮೊದಲು ಹುಟ್ಟಿದವರಲ್ಲವಾ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಹೆಸರು ಹುಲುಗಪ್ಪ. ಇಟ್ಟಿಗೆ ಕೆಲಸ.

ನಿಮ್ಮ ಕಾಲದ ದೊಡ್ಡ ಅಣೆಕಟ್ಟೊಂದರಲ್ಲಿ ಹೂಳು ತುಂಬಿ ನೀರಿಗೇ ಜಾಗವಿಲ್ಲದಂತಾಯಿತು. ಆ ಹೂಳಿನ ಮೇಲೇ ನಮ್ಮ ಊರು. ಬಿಸಿಲೇರುವ ಮುಂಚೆ ಹೂಳು ಅಗೆದು ಅಚ್ಚಿಗೆ ಹಾಕುತ್ತೇವೆ. ಆಮೇಲೆ ಒಳಗಂಟೆ ಹೊಡೆಯುತ್ತದೆ. ಅಂದರೆ ಇನ್ನು ಹೊತ್ತಿಳಿಯುವವರೆಗೆ ಯಾರೂ ಹೊರಗೆ ಕಾಲಿಡೋ ಹಾಗಿಲ್ಲ. ಒಳಗೆ ಕೂತು ಮಾಡೋದೇನು? ಈರುಳ್ಳಿ ಹೆಚ್ಚೋದು, ಕೌದಿ ಹೊಲಿಯೋದು, ಕಥೆ ಹೇಳೋದು. ನಮ್ಮಲ್ಲಿ ಕಥೆ ಕೇಳೋನು ಸುಮ್ಮನೆ ಕೂರಬಾರದು. ಒಂದೊಂದು ಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ನಿಮ್ಮಲ್ಲೂ ಹಾಗೇ ಇತ್ತು ಅಂತ ಕೇಳಿದ್ದೇನೆ.

ನನ್ನ ಮೊಮ್ಮಗಳು ದ್ಯಾವಿ ನನಗೇ ಕಥೆ ಹೇಳಿ ಬೆಳೆದವಳು. ಒಂದು ಮಾತು ಹೇಳಿ ನನ್ನ ಮುಖ ನೋಡುತ್ತಿದ್ದಳು. ನನ್ನ ಬಾಯಲ್ಲಿ ರೊಟ್ಟಿ ಇದ್ದರೆ, ಅಗಿದು ನುಂಗುವವರೆಗೂ ಅವಳ ಕಥೆಯ ಕಾಗೆ ರೆಕ್ಕೆ ಬಿಚ್ಚಿಕೊಂಡು ಗಾಳಿಯಲ್ಲೇ ನಿಂತಿರುತ್ತಿತ್ತು.

ಶಾಲೆಯಲ್ಲಿ ಗಿಣಿಹಲಗೆ ಅಂತ ಒಂದಿದೆ. ನಿಮ್ಮ ಮೊಬೈಲಿನಲ್ಲಿ ಮಕ್ಕಳು ಕಥೆ ಕಟ್ಟೋ ಆ್ಯಪ್ ಇವೆಯಲ್ಲ, ಅವುಗಳ ಮರಿಮಗಳು. ಮಗು ಚಿತ್ರ ಆರಿಸಿ ಮಾತಾಡಿದರೆ ಚಿತ್ರ ಕುಣಿಯುತ್ತದೆ. ಮೊದಲನೇ ವೈಶಾಖ ಮುಗಿಯುವುದರೊಳಗೆ ಪ್ರತಿ ಮಗುವೂ ತಾನೇ ಕಟ್ಟಿದ ಒಂದು ಕಥೆಯನ್ನು ಹಲಗೆಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಮೇಲಿನ ಶಾಲೆಗೆ ದಾರಿಯಿಲ್ಲ, ಇಟ್ಟಿಗೆಯೇ ಗತಿ.

ದ್ಯಾವಿ ಹಲಗೆ ಮುಂದೆ ಕೂತಳು. ಒಂದು ಕಾಗೆ ಮೋಡ ಕದಿಯೋಕೆ ಹೊರಟಿತು ಅಂದಳು. ಅಂದು, ಅಭ್ಯಾಸದಂತೆ ಹೂಂಗೆ ಕಾದಳು. ಹಲಗೆಗೆ ಅದೇನು ಗೊತ್ತು? ಮಗು ಮಾತು ಮುಗಿಸಿತು ಅಂದುಕೊಂಡು, ಕಾಗೆ ಮೋಡ ತಂದಿತು, ಮಳೆ ಬಂತು, ಎಲ್ಲರೂ ಸುಖವಾಗಿದ್ದರು ಅಂತ ತಾನೇ ಮುಗಿಸಿಬಿಟ್ಟಿತು. ಮತ್ತೆ ಶುರು ಮಾಡಿದಳು, ಮತ್ತೆ ಸುಖವಾಗಿದ್ದರು. ಹೀಗೇ ಆಗಿ ಆಗಿ ಹುಡುಗಿ ಮನೆಯಲ್ಲೂ ಬಾಯಿ ಬಿಡೋದು ಬಿಟ್ಟಳು. ನಾನು ಗದರಿಸಿ ಕೇಳಿದ್ದಕ್ಕೆ ಒಂದೇ ಮಾತು ಹೇಳಿದಳು.

“ಎಲ್ಲರೂ ಸುಖವಾಗಿದ್ದರಂತೆ, ತಾತಾ. ನನ್ನ ಕಾಗೆ ಇನ್ನೂ ಗೂಡೇ ಬಿಟ್ಟಿರಲಿಲ್ಲ.”

ಮೈ ಉರಿದುಹೋಯಿತು. ಶಾಲೆಯಲ್ಲಿ ಪಾಠ ಹೇಳೋ ಪಂಪಕ್ಕನ ಹತ್ತಿರ ಹೋಗಿ ಜಗಳ ತೆಗೆದೆ. ಅವಳು ಒಳ್ಳೆಯವಳೇ, ನನ್ನನ್ನೂ ದ್ಯಾವಿಯ ಪಕ್ಕ ಕೂರಿಸಿದಳು. ನಾನು ಗಂಟಲು ಹರಿಯೋ ಹಾಗೆ ಹೂಂ ಅಂದೆ. ಹಲಗೆ ನನ್ನ ಹೂಂ ಅನ್ನು ಹೊರಗಿನ ಗದ್ದಲ ಅಂತ ಒರೆಸಿಹಾಕಿ ಕಥೆ ಮುಗಿಸಿತು. ಆಗ ಪಂಪಕ್ಕ ತಿಳಿಸಿ ಹೇಳಿದಳು. ಹಲಗೆ ಕಲಿತದ್ದು ನಿಮ್ಮ ಮಕ್ಕಳು ಮೊಬೈಲಿನಲ್ಲಿ ಹೇಳಿಟ್ಟ ಕಥೆಗಳಿಂದಲಂತೆ. ಅವುಗಳಲ್ಲಿ ಮೊದಲು ಎಲ್ಲ ಇತ್ತಂತೆ, ಅಜ್ಜಿಯ ಹೂಂ, ಕುಕ್ಕರಿನ ಸೀಟಿ, ಮಗು ಸುಮ್ಮನಾದ ಹೊತ್ತು. ನೆಂಟರಿಗೆ ಕಳಿಸುವಾಗ ಚೆಂದ ಕೇಳಲಿ ಅಂತ ನೀವು ಸದ್ದೂ ಖಾಲಿ ಹೊತ್ತೂ ತೆಗೆಯೋ ಗುಂಡಿ ಒತ್ತಿದಿರಿ. ಮಗುವಿನ ದನಿಯೊಂದೇ ಉಳಿಯಿತು, ಎಲ್ಲೂ ನಿಲ್ಲದೆ. ಅದಕ್ಕೇ ದನಿ ನಿಂತರೆ ಕಥೆ ಮುಗಿಯಿತು ಅಂತ ಹಲಗೆ ಕಲಿತದ್ದು.

“ಹಂಗಾದ್ರೆ ನಾನೇನು, ಕಸಾನಾ?” ಅಂದೆ.

“ಹಲಗೆ ಪಾಲಿಗೆ ಹೌದು, ತಾತ,” ಅಂದಳು. ನಗಲಿಲ್ಲ.

ಗಡುವಿನ ದಿನ ದ್ಯಾವಿ ತಾನೇ ಹೋಗಿ ಒಪ್ಪಿಸಿ ಬಂದಳು. ಹೇಗೆ ಅಂತೀರಾ? ಒಂದು ಮಾತು ಹೇಳಿ, ತಾನೇ ಹೂಂ ಅಂದಳಂತೆ. ಇನ್ನೊಂದು ಹೇಳಿ, ಮತ್ತೆ ತಾನೇ ಹೂಂ. ಅವಳದೇ ದನಿಯಾದ್ದರಿಂದ ಹಲಗೆ ಒರೆಸಲಿಲ್ಲ, ನಡುವೆ ಬಾಯಿ ಹಾಕಲೂ ಇಲ್ಲ. ಮೇಲಿನ ಶಾಲೆಗೆ ಜಾಗ ಸಿಕ್ಕಿತು. ಸೊಸೆ ಅತ್ತುಬಿಟ್ಟಳು, ಪಂಪಕ್ಕ ಬೆಲ್ಲ ಹಂಚಿದಳು. ನಾನೂ ತಿಂದೆ, ಇಲ್ಲ ಅನ್ನೋದಿಲ್ಲ.

ಈಗ ಮನೆಯಲ್ಲೂ ಅವಳು ಹಾಗೇ ಹೇಳುತ್ತಾಳೆ. ನನ್ನ ಎದುರಿಗೇ ಕೂತಿರುತ್ತಾಳೆ, ಮುಖ ನೋಡೋದಿಲ್ಲ. ಹೇಳುತ್ತಾಳೆ, ತಾನೇ ಹೂಂ ಅನ್ನುತ್ತಾಳೆ, ಮುಂದೆ ಹೋಗುತ್ತಾಳೆ. ನಿನ್ನೆ ಆಮೆಯ ಕಥೆ. ನಾನು ಬಾಯಿ ತೆರೆಯೋಷ್ಟರಲ್ಲಿ ಆಮೆ ಮೂರು ಊರು ದಾಟಿತ್ತು.

ಸುಸ್ತಾಗಿದೆ. ನಿಮ್ಮನ್ನು ಬೈಯಬೇಕು ಅಂತಲೇ ಬರೆಯೋಕೆ ಕೂತೆ, ಆದರೆ ಅದಕ್ಕೂ ಈಗ ತ್ರಾಣವಿಲ್ಲ. ಕೇಳೋದಿಷ್ಟೇ. ನಿಮ್ಮ ಮಗು ಕಥೆ ಹೇಳ್ತೀನಿ ಅಂದರೆ, ಮೊಬೈಲು ಕೈಗೆ ಕೊಟ್ಟು ಒಳಗೆ ಹೋಗಬೇಡಿ. ಪಕ್ಕ ಕೂರಿ. ತಡವರಿಸಿದರೆ ತಡವರಿಸಲಿ, ಸೀಟಿ ಕೂಗಿದರೆ ಕೂಗಲಿ, ನೆಂಟರು ಏನಾದರೂ ಅಂದುಕೊಳ್ಳಲಿ. ಆ ಗುಂಡಿ ಮಾತ್ರ ಮುಟ್ಟಬೇಡಿ. ಇದ್ದದ್ದು ಇದ್ದ ಹಾಗೇ ನಮ್ಮ ತನಕ ಬರಲಿ. ಸುಮ್ಮನಾದ ಮಗು ಮುಗಿಸಿಲ್ಲ, ಯಾರಿಗೋ ಕಾಯುತ್ತಿದೆ ಅಂತ ಹಲಗೆಗೂ ತಿಳಿಯಲಿ.

ಹುಲುಗಪ್ಪ