ಮಾರಿಸೋಲ್ ಆಯಿ ತಂದ ಕೆಂಪು ವೈನ್

ವಿಜಯಪುರ, ಇಸವಿ ೨೧೯೪, ಮೂರನೆಯ ಬೇಸಿಗೆ

ನನಗಿಂತ ಬಹಳ ಹಿಂದೆ ಬದುಕುತ್ತಿರುವವರೇ,

ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಮ್ಮ ವರ್ಷಕ್ಕೆ ಮೂರು ಬೇಸಿಗೆ. ಹಗಲೆಲ್ಲ ತಂಪುಗೂಡಿನಲ್ಲಿರುತ್ತೇವೆ, ಅಂದರೆ ನೆಲದಡಿ ಕೊರೆದ ಸಾಲುಮನೆಯಲ್ಲಿ. ಅಡುಗೆಮನೆ ಎಲ್ಲರಿಗೂ ಒಂದೇ. ಬದನೆ, ಶೇಂಗಾ, ಮೆಣಸಿನಕಾಯಿ ದೀಪದ ಬೆಳಕಿನಲ್ಲಿ ಬೆಳೆಯುತ್ತವೆ. ದ್ರಾಕ್ಷಿಯನ್ನೂ ನೆಟ್ಟು ನೋಡಿದೆವು. ಬಳ್ಳಿ ಹಬ್ಬಿತು, ಹೂ ಬಿಡಲಿಲ್ಲ. ಈ ಊರಿನ ಸುತ್ತ ಒಂದು ಕಾಲಕ್ಕೆ ದ್ರಾಕ್ಷಿ ತೋಟಗಳಿದ್ದವು ಎಂದರೆ ನಮ್ಮ ಮಕ್ಕಳು ನಗುತ್ತಾರೆ.

ನಾನು ಶಿವಲೀಲಾ, ಆ ಅಡುಗೆಮನೆಯಲ್ಲಿ ಕರೆಂಟಿನ ಒಲೆ ನೋಡಿಕೊಳ್ಳುವವಳು. ಪಕ್ಕದ ಕೋಣೆಯಲ್ಲಿ ಮಾರಿಸೋಲ್ ಆಯಿ ಇದ್ದಳು. ಸ್ಪೇನ್ ದೇಶದ ರಿಯೋಹಾ ಎಂಬ ಸೀಮೆಯ ಬೆಟ್ಟಗಳು ಸುಟ್ಟಾಗ ಹಡಗು ಹತ್ತಿದವರಲ್ಲಿ ಒಬ್ಬಳು. ಹರೆಯದಲ್ಲಿ ಬಂದವಳು ಇಲ್ಲೇ ಮುದುಕಿಯಾದಳು. ಮಾತು ನಮ್ಮದೇ ಆಗಿಹೋಗಿತ್ತು. ಬರುವಾಗ ಅವಳು ತಂದದ್ದು ಒಂದೇ ಒಂದು ಬಾಟಲಿ. ಅವಳ ಅಪ್ಪ ಕೊನೆಯ ಸುಗ್ಗಿಯಲ್ಲಿ ಮಾಡಿದ ಕೆಂಪು ವೈನ್. ಊರಿಗೆ ಮರಳಿದ ದಿನ ಅಪ್ಪನ ಅಂಗಳದಲ್ಲೇ ಅದನ್ನು ತೆರೆಯಬೇಕೆಂದು ಅವಳ ಆಸೆ.

ಹೋದ ಬೇಸಿಗೆಯಲ್ಲಿ ಅವಳಿಗೆ ಧೂಳುಕೆಮ್ಮು ಹತ್ತಿತು. ಹತ್ತಿದರೆ ಬಿಡದ ರೋಗ ಅದು. ಒಂದು ಮುಂಜಾನೆ ಬಾಟಲಿಯನ್ನು ಎದೆಗವಚಿಕೊಂಡು ಒಲೆಯ ಹತ್ತಿರ ಬಂದಳು.

“ಶಿವಲೀಲಾ, ಇದನ್ನ ಇವತ್ತ ತೆಗಿಯೂಣು.”

“ಊರಿಗೆ ಹೋದಾಗ ಅಂತಿದ್ದೆಲ್ಲ ಆಯಿ?”

“ಯಾವ ಊರವ್ವಾ?” ಎಂದಳು. ನಾನು ಬದನೆಕಾಯಿ ಕೊಯ್ಯಲು ಎದ್ದೆ.

ಅವಳ ಮನೆಯಲ್ಲಿ ಈ ವೈನಿನ ಜೊತೆ ದ್ರಾಕ್ಷಿ ಕಡ್ಡಿಯ ಕೆಂಡದಲ್ಲಿ ಸುಟ್ಟ ಕುರಿಮರಿಯ ಮಾಂಸ ಉಣ್ಣುತ್ತಿದ್ದರಂತೆ. ನಮ್ಮಲ್ಲಿ ಕುರಿಯೂ ಇಲ್ಲ, ಕೆಂಡವೂ ಇಲ್ಲ. ನನ್ನ ಪಾಲಿನ ಎಣ್ಣೆಯನ್ನೆಲ್ಲ ಸುರಿದು, ಹುರಿದ ಶೇಂಗಾಪುಡಿ ತುಂಬಿ ಎಣ್ಣೆಗಾಯಿ ಮಾಡಿದೆ. ಎರಡು ಜೋಳದ ರೊಟ್ಟಿ ಬಡಿದೆ.

ಬಿರಡೆ ಪುಡಿಪುಡಿಯಾಗಿ ಬಂತು. ಬಟ್ಟೆಯಲ್ಲಿ ಸೋಸಿ ಲೋಟಕ್ಕೆ ಸುರಿದೆ. ನಡುವೆ ಕಡುಗೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಆಯಿ ಲೋಟವನ್ನು ಮೂಗಿನ ಬಳಿ ಬಹಳ ಹೊತ್ತು ಹಿಡಿದಳು. ಆಮೇಲೆ ನನ್ನ ಕಡೆ ಸರಿಸಿದಳು.

“ನನಗ ವಾಸನಿ ಹೋಗಿ ಭಾಳ ದಿನ ಆತು. ಯಾರಿಗೂ ಹೇಳಿಲ್ಲ. ನೀ ಮೂಸಿ ಹೇಳು. ಹುಳಿ ಆಗೇತೇನು?”

ಲೋಟ ಎತ್ತಿ ಮೂಸಿದೆ. ವೈನ್ ಕುಡಿದವಳಲ್ಲ ನಾನು, ಅದನ್ನು ಹೇಳುವ ಶಬ್ದಗಳೂ ಗೊತ್ತಿಲ್ಲ. “ಇಲ್ಲ ಆಯಿ, ಜೀವ ಐತಿ,” ಎಂದೆ. ಮತ್ತೆ ಮೂಸಿದೆ. “ಒಣಗಿದ ಅಂಜೂರ ಇದ್ದಂಗ. ಹಳೇ ತೊಗಲಿನ ಚೀಲ. ಒಂದೀಟು ತಂಬಾಕು.”

“ತಂಬಾಕು ಅಪ್ಪನ ಕೈಗೆ ನಾರ್ತಿತ್ತು,” ಎಂದು ಕಣ್ಣು ಮುಚ್ಚಿದಳು. “ಇನ್ನೂ ಹೇಳು.”

ತೋಚಿದ್ದನ್ನೆಲ್ಲ ಹೇಳಿದೆ. ಆಮೇಲೆ ಅವಳು ಒಂದು ಗುಟುಕು ಕುಡಿದಳು. “ನಾಲಿಗಿ ಒಗರಾತು,” ಎಂದಳು ಬೆರಗಿನಿಂದ. ವಾಸನೆ ಹೋಗಿದ್ದರೂ ಒಗರು ಹೋಗಿರಲಿಲ್ಲ. ನಾನೂ ಒಂದು ಗುಟುಕು ಕುಡಿದೆ. ಆ ಒಗರು ನಾಲಿಗೆಯ ಮೇಲೆ ಒರಟು ಬಟ್ಟೆಯಂತೆ ಹಾಸಿಕೊಳ್ಳುತ್ತದೆ. ಬದನೆಕಾಯಿಯ ತುಣುಕೊಂದನ್ನು ಅವಳ ಬಾಯಿಗಿಟ್ಟು ನಾನೂ ತಿಂದೆ. ಶೇಂಗಾ ಎಣ್ಣೆ ಆ ಒರಟನ್ನು ಸವರಿ ನುಣುಪು ಮಾಡಿತು. ಮತ್ತೊಂದು ಗುಟುಕಿಗೆ ವೈನ್ ಮೆತ್ತಗಾಗಿ ಇಳಿಯಿತು. ನನಗೆ ಅದರಲ್ಲಿ ಹಣ್ಣಿನ ಸಿಹಿ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಆ ಮೆತ್ತನೆ ಮಾತ್ರ. ಅಷ್ಟಕ್ಕೇ ಅವಳು ಅತ್ತಳು. ಕುರಿಮಾಂಸದ ಜೊತೆಗೂ ವೈನ್ ಹೀಗೇ ಮೆತ್ತಗಾಗುತ್ತಿತ್ತಂತೆ.

ಉಳಿದದ್ದನ್ನು ಸಾಲುಮನೆಯವರಿಗೆಲ್ಲ ಹಂಚಲು ಹೇಳಿದಳು. ಹೆಚ್ಚಿನವರು ಮುಖ ಕಿವುಚಿದರು. “ಔಷಧ ಇದ್ದಂಗ ಐತಿ,” ಎಂದು ಒಬ್ಬ ಉಗುಳಿಬಿಟ್ಟ. ಆಯಿಗೆ ಅದು ಕೇಳಿಸಿತು. ಅದೇ ಬೇಸಿಗೆ ಮುಗಿಯುವ ಮೊದಲು ತೀರಿಕೊಂಡಳು. ಆ ವೈನಿನ ರುಚಿಯನ್ನು ನೆನಪಿಟ್ಟುಕೊಂಡವಳು ಈಗ ಈ ಊರಿನಲ್ಲಿ ನಾನೊಬ್ಬಳೇ. ಅದೂ ನನ್ನ ನಾಲಿಗೆಯಿಂದ ದಿನದಿನಕ್ಕೆ ಅಳಿಯುತ್ತಿದೆ. ಹೋದ ವಾರದಿಂದ ನನಗೂ ಕೆಮ್ಮು.

ನಿಮ್ಮ ಕಾಲದಲ್ಲಿ ದ್ರಾಕ್ಷಿ ಇನ್ನೂ ಹೂ ಬಿಡುತ್ತಿರಬಹುದು. ನಿಮ್ಮಿಂದ ಬೇಡುವುದು ಇಷ್ಟೇ: ತಾಟಿನ ಮುಂದೆ ಕೂತಾಗ ಅವಸರ ಮಾಡಬೇಡಿ. ಬಾಯಲ್ಲಿರುವುದು ಏನನ್ನು ನೆನಪಿಸುತ್ತದೆ ಎಂದು ಎದುರಿಗಿರುವವರಿಗೆ ಬಾಯಿಬಿಟ್ಟು ಹೇಳಿ. ಅವರ ಮೂಗಿಗೆ ಅದು ತಾಕುತ್ತಿದೆಯೋ ಇಲ್ಲವೋ, ನಿಮಗೆ ಗೊತ್ತಿರುವುದಿಲ್ಲ.

ನಿಮ್ಮ,
ಶಿವಲೀಲಾ