ಕೆಟ್ಟ ಮೈಲಿನ ಗೆರೆ

ವಾಡಿ ಜಂಕ್ಷನ್
೧೯-೫-೧೯೭೩, ಶನಿವಾರ

ತೀರ್ಥರೂಪ ಅಪ್ಪನಿಗೆ,

ವಾಡಿಯಿಂದ ಮಗಳು ಚಂದಮ್ಮನ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ಕ್ಷೇಮ ಇಲ್ಲ, ಅದಕ್ಕೇ ಹಾಗೆ ಬರೆಯುತ್ತಿಲ್ಲ. ಇದು ನಾಲ್ಕನೆಯ ಹಾಳೆ. ಮೊದಲಿನ ಮೂರನ್ನು ಹರಿದು ಒಲೆಗೆ ಹಾಕಿದೆ. ನಾನು ಇಳಿದುಕೊಂಡ ಮನೆಯ ಹಸೀನಾಬೇಗಂ, ಇಲ್ಲಿನ ಗಾರ್ಡ್ ಸಾಹೇಬರ ಹೆಂಡತಿ, ಬಾಗಿಲಲ್ಲಿ ನಿಂತು, "ಅಪ್ಪಗ ಬರೀಲಿಕತ್ತೀಯೋ, ಕೋರ್ಟಿಗಿ ಬರೀಲಿಕತ್ತೀಯೋ?" ಎಂದು ನಕ್ಕು ಹೋದರು. ಚಿತ್ತಾಪುರ ಇಲ್ಲಿಂದ ಎಷ್ಟು ದೂರ! ಪ್ಯಾಸೆಂಜರ್ ಹತ್ತಿದರೆ ಒಂದು ತಾಸೂ ಬೇಡ. ಆದರೂ ಪತ್ರ ಬರೆದು ಗಾರ್ಡ್ ಸಾಹೇಬರ ಕೈಯಲ್ಲಿ ಇಂದೇ ಕಳಿಸುತ್ತಿದ್ದೇನೆ, ಯಾಕೆಂದರೆ ನಿನ್ನ ಮುಖ ನೋಡಿ ಇದನ್ನು ಹೇಳಲು ನನ್ನಿಂದಾಗದು. ನೀನು ಕೂಡಿಸಿ ಕೂಡಿಸಿ ಓದುತ್ತೀ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಅವ್ವನಿಗೆ ಓದಿ ಹೇಳಬೇಡ.

ಮೊದಲು ಬೈಯುವುದನ್ನು ಬೈದು ಮುಗಿಸುತ್ತೇನೆ. ನಿನಗೆ ಏನಾಗಿತ್ತಪ್ಪಾ? ಮೂವತ್ತೊಂದು ವರ್ಷ ಹಳಿಯ ಮೇಲೆ ದುಡಿದವನು, ಎಂಟು ಜನರ ಗ್ಯಾಂಗಿಗೆ ಮೇಟ್ ಆದವನು, ಬರುವ ಆಗಸ್ಟಿಗೆ ರಿಟೈರ್ ಆಗುವವನು, ಒಂದು ಮೈಲನ್ನು ಸಿಂಗರಿಸಲು ಇನ್ನೊಂದು ಮೈಲಿನ ಖಡಿಕಲ್ಲು ಕೆದರಿಕೊಂಡು ಬರುವುದೇ? ಅದೂ ಎಲ್ಲಿಂದ? ಹಳ್ಳದ ಮೋರಿಯ ಪಕ್ಕದಿಂದ! ಎರೆಮಣ್ಣಿನ ಏರಿ ಅದು, ಮಳೆ ಬಿದ್ದರೆ ಬೆಣ್ಣೆಯಂತಾಗುತ್ತದೆ, ಅಲ್ಲಿ ಹಳಿಯ ಕೆಳಗಿನ ಸ್ಲೀಪರಿನ ಪಕ್ಕದ ಒಂದು ಬುಟ್ಟಿ ಖಡಿಯೂ ಕದಲಬಾರದು ಎಂದು ನನಗೆ ಚಿಕ್ಕಂದಿನಲ್ಲಿ ತೋರಿಸಿ ಹೇಳಿದವನು ನೀನೇ. ಖಡಿಯ ಗಾಡಿ ಎರಡು ತಿಂಗಳಿಂದ ಬಂದಿಲ್ಲ ಎಂದು ನನಗೂ ಗೊತ್ತು. ಬರದಿದ್ದರೆ ಬರಲಿಲ್ಲ, ಹಳಿ ಇದ್ದ ಹಾಗೇ ಇರಬೇಕಿತ್ತು. ಹಾಗೇ ಇರುವುದನ್ನು ಅಳೆಯಲೆಂದೇ ನಾವು ಬಂದದ್ದು.

ನೀನು ಕೇಳಿದಾಗಲೆಲ್ಲ ನಾನು "ಲೆಕ್ಕ ಬರೆಯುವ ಕೆಲಸ" ಎಂದು ಹಾರಿಸುತ್ತಿದ್ದೆ. ಈಗ ಪೂರ್ತಿ ಕೇಳು. ಹೊಸ ನಮೂನೆಯ ಮಾಲುಡಬ್ಬಿಗಳು ಬಂದಿವೆ. ತುಂಬಿದಾಗ ಸುಮ್ಮನೆ ಹೋಗುತ್ತವೆ, ಖಾಲಿ ಇದ್ದಾಗ ವೇಗ ಏರಿದಂತೆ ಅತ್ತಿತ್ತ ಹೊಯ್ದಾಡುತ್ತವೆ. ಈಗ ಅವಕ್ಕೆ ಗಂಟೆಗೆ ಅರವತ್ತು ಕಿಲೋಮೀಟರಿನ ಮಿತಿ ಇದೆ. ಎಪ್ಪತ್ತೈದಕ್ಕೆ ಏರಿಸಬಹುದೇ ಎಂಬುದೇ ಪರೀಕ್ಷೆ. ಡಬ್ಬಿಯ ಗಾಲಿಯ ಹತ್ತಿರ ಯಂತ್ರ ಕಟ್ಟಿರುತ್ತಾರೆ, ನಮ್ಮ ಗಾಡಿಯೊಳಗೆ ಉದ್ದನೆಯ ಕಾಗದದ ಸುರುಳಿ ಓಡುತ್ತಿರುತ್ತದೆ, ಡಬ್ಬಿ ಹೇಗೆ ಅಲುಗುತ್ತದೋ ಹಾಗೆ ಮುಳ್ಳು ಗೆರೆ ಎಳೆಯುತ್ತದೆ. ಒಂದೊಂದು ಏರಿಳಿತವನ್ನೂ ನಾನು ಪಟ್ಟಿ ಹಿಡಿದು ಅಳೆದು ಬರೆಯಬೇಕು. ಈಗಂತೂ ಕಣ್ಣು ಮುಚ್ಚಿದರೂ ಅಳೆಯುವುದು ನಿಲ್ಲುವುದಿಲ್ಲ. ಇಲ್ಲಿ ಹೊರಗೆ ಇಂಜಿನ್ ಶಂಟಿಂಗ್ ಮಾಡಿದರೆ ಮನೆಯ ತಾಟು ಲೋಟ ಕುಲುಕುತ್ತವೆ, ನಾನು ಕುಳಿತಲ್ಲೇ ಎಷ್ಟು ಕುಲುಕಿತು ಎಂದು ಎಣಿಸುತ್ತೇನೆ. ಹುಚ್ಚು ಹಿಡಿದಿದೆ ಅನ್ನು.

ಒಳ್ಳೆಯ ಹಳಿಯ ಮೇಲೆ ಯಾವ ಡಬ್ಬಿಯೂ ನೆಟ್ಟಗೇ ಓಡುತ್ತದೆ. ಕೆಟ್ಟದ್ದರ ಮೇಲೆ ಹೇಗೆ ಓಡುತ್ತದೆ ಎಂಬುದೇ ಪ್ರಶ್ನೆ. ಅದಕ್ಕೆ ನಮ್ಮ ಪರೀಕ್ಷೆಯ ಸಾಹೇಬರು ಒಂದು ಒಳ್ಳೆಯ ಮೈಲು, ಒಂದು ಸಾಧಾರಣ, ಒಂದು ಕೆಟ್ಟದ್ದು ಆರಿಸಿದರು. ಕೆಟ್ಟದ್ದು ನಿನ್ನದು. ಯಾವ ಮೈಲು ಎಂದು ಗ್ಯಾಂಗಿನವರಿಗೆ ತಿಳಿಯಕೂಡದು ಎಂಬ ಕಟ್ಟಪ್ಪಣೆ ಇತ್ತು. ನಾನು ಏಪ್ರಿಲಿನಲ್ಲಿ ನಿನಗೆ ಬರೆದೆ. ಬರೆಯಬಾರದಿತ್ತು, ಬರೆದೆ. ಈ ಒಂದು ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಮಗಳು ಮೈಲಿನ ನಂಬರು ಬರೆದ ಮಾತ್ರಕ್ಕೆ ತಂದೆ ಬಿರುಬಿಸಿಲಲ್ಲಿ ಎಂಟು ದಿನ ಹಳಿ ಎತ್ತಿ ಎತ್ತಿ ಕೂರಿಸಬೇಕೇ?

ನಿನ್ನೆ ಬೆಳಿಗ್ಗೆ ಗಾಡಿ ಚಿತ್ತಾಪುರ ಬಿಟ್ಟಾಗ ನಾನು ಪಟ್ಟಿ ಹಿಡಿದು ಮುಳ್ಳನ್ನೇ ನೋಡುತ್ತ ಕೂತಿದ್ದೆ. ನಿನ್ನ ಮೈಲು ಬಂತು. ಎಪ್ಪತ್ತೈದರ ವೇಗ. ಮುಳ್ಳು ಅಲುಗಲಿಲ್ಲವಪ್ಪಾ! ನೂಲು ಹಿಡಿದು ಎಳೆದಂತೆ ಗೆರೆ ಹೋಯಿತು. ಒಳ್ಳೆಯ ಮೈಲಿಗಿಂತ ಒಳ್ಳೆಯದಾಗಿ ಹೋಯಿತು. ಖುಷಿಯಾಯಿತೇ ಎಂದು ಕೇಳು. ಆಯಿತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೇ ಬಂತು. ಇದು ನಮ್ಮಪ್ಪನ ಕೈ ಎಂದು ಕೂಗಬೇಕೆನ್ನಿಸಿತು. ಸಾಹೇಬರು ಮಾತ್ರ ಹುಬ್ಬು ಗಂಟಿಕ್ಕಿ ಕಾಗದವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಮೋರಿ ಬಂತು. ಡಬ್ಬಿ ಒಮ್ಮೆ ಎಡಕ್ಕೆ ಎಗರಿತು, ಒಮ್ಮೆ ಬಲಕ್ಕೆ, ಮುಳ್ಳು ಕಾಗದದ ಅಂಚು ದಾಟಿ ಹಾರಿತು, ಶಾಯಿ ನನ್ನ ಸೀರೆಯ ಮೇಲೆ ಚೆಲ್ಲಿತು. ಸಾಹೇಬರು ಕೂಗಿ ಗಾಡಿ ನಿಲ್ಲಿಸಿದರು. ಇಳಿದು ಹಿಂದಕ್ಕೆ ನಡೆದರು, ನಾನೂ ಹಿಂದೆ ಓಡಿದೆ. ಸ್ಲೀಪರುಗಳ ತುದಿ ಬರಿದಾಗಿತ್ತು. ಸಲಿಕೆಯ ಗುರುತು, ಬುಟ್ಟಿ ಎಳೆದ ಗುರುತು ನಿನ್ನ ಮೈಲಿನವರೆಗೂ ಇತ್ತು. ಏನಾಗಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಡಬ್ಬಿ ಇನ್ನೊಂದು ಬೆರಳಷ್ಟು ಎಗರಿದ್ದರೆ ಗಾಲಿ ಹಳಿ ಬಿಡುತ್ತಿತ್ತು, ನಾವು ಹದಿನಾಲ್ಕು ಜನ ಹಳ್ಳದಲ್ಲಿರುತ್ತಿದ್ದೆವು. ಇದನ್ನು ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಹೌದು, ಹೆದರಿಸಲೇ ಬರೆಯುತ್ತಿದ್ದೇನೆ.

ಆಮೇಲಿನದು ನಿನಗೆ ಗೊತ್ತು. ಆದರೆ ನಾನು ನಿಂತ ಜಾಗದಿಂದ ಹೇಗೆ ಕಂಡಿತು ಎಂದು ನಿನಗೆ ಗೊತ್ತಿಲ್ಲ. ಸ್ಟೇಷನ್ನಿನ ಮುಂದೆ ಬೆಂಚಿನ ಮೇಲೆ ಸಾಹೇಬರು, ನಿಮ್ಮ ಹಳಿಯ ಇನ್‌ಸ್ಪೆಕ್ಟರ್. ನೀನು ತಲೆಯ ಪಟಗಾ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದೆ. ಯಾರು ಹೇಳಿದರು ಎಂದು ಕೇಳಿದರೆ ನೀನು, "ಯಾರೂ ಹೇಳಿಲ್ರಿ. ನಿಮ್ಮ ಮಂದಿ ಸ್ಲೀಪರಿಗಿ ಬಣ್ಣದ ಗುರ್ತು ಹಚ್ಚಿ ಹೋಗಿದ್ರು, ಅದನ್ನ ನೋಡಿ ನಾನಾ ಮಾಡೀನಿ. ದೊಡ್ಡ ಸಾಹೇಬರ ಟ್ರಾಲಿ ಬರೋ ಮುಂದ ಹ್ಯಾಂಗ ಮಾಡ್ತೀವೋ ಹಾಂಗ ಮಾಡೀನ್ರಿ" ಅಂದೆ. ಅದು ಖರೆಯಂತೆಯೇ ಕೇಳಿಸಿತು, ಯಾಕೆಂದರೆ ಎಲ್ಲ ಗ್ಯಾಂಗೂ ಮಾಡುವುದು ಅದೇ. ತಪಾಸಣೆಯ ಟ್ರಾಲಿ ಬರುತ್ತದೆಂದರೆ ಎಂಟು ದಿನ ಮೊದಲಿನಿಂದ ಹಳಿಗೆ ಸಿಂಗಾರ, ಕಲ್ಲಿಗೆ ಸುಣ್ಣ. ಟ್ರಾಲಿ ಹೋದ ಮೇಲೆ ಮತ್ತೆ ಮೊದಲಿನ ಹಾಡು. ನಾವು ಟ್ರಾಲಿಯವರಲ್ಲ ಎಂದು ನಿಮಗೆ ಯಾರೂ ಹೇಳಿರಲಿಲ್ಲ.

ನಾನು ಯಾರ ಮಗಳೆಂದು ಇನ್ಸ್‌ಪೆಕ್ಟರ್ ಅವರ ಕಿವಿಯಲ್ಲಿ ಹೇಳಿದ ಮೇಲೆ ಸಾಹೇಬರು ನಿನ್ನ ಮಗಳು ಏನಾದರೂ ತಿಳಿಸಿದ್ದಳೇ ಎಂದು ನೇರವಾಗಿಯೇ ಕೇಳಿದರು. ನೀನು ನನ್ನ ಕಡೆ ತಿರುಗಿಯೂ ನೋಡದೆ, "ಆಕಿ ಕಾಗದ ನೋಡಾಕಿರಿ, ಹಳಿ ನೋಡಾಕಿ ಅಲ್ಲ. ಒಂದು ಚೀಟಿನೂ ಬಂದಿಲ್ಲ. ಆಕಿಗಿ ಇದರಾಗ ಎಳೀಬ್ಯಾಡ್ರಿ" ಅಂದೆ. ನಾನು ಹತ್ತು ಹೆಜ್ಜೆ ದೂರದಲ್ಲಿ ಸುರುಳಿ ಕಾಗದ ಅಪ್ಪಿಕೊಂಡು ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಜೂನಿಗೆ ನನ್ನ ನೌಕರಿ ಕಾಯಂ ಆಗಬೇಕು, ಅದು ನೆನಪಿಗೆ ಬಂತು. ಅದೇ ಮೊದಲು ನೆನಪಿಗೆ ಬಂತು ಅಪ್ಪಾ, ನೀನಲ್ಲ. ಇದನ್ನು ಬರೆಯಲಿಕ್ಕೇ ಮೂರು ಹಾಳೆ ಹಾಳಾದವು.

ನೀನು ಹೋದ ಮೇಲೆ ನಿಮ್ಮ ಗ್ಯಾಂಗಿನ ಕೀಮ್ಯಾನ್ ಮಶಾಕ ಕಾಕಾ ನಮ್ಮ ಗಾಡಿಯ ಕಿಟಕಿಗೆ ಬಂದ. ಸಿಟ್ಟಿನಲ್ಲಿದ್ದ. "ಎಂಟು ದಿನ ನಿಮ್ಮಪ್ಪ ನಮ್ಮನ್ನ ಅರದು ಹಾಕ್ಯಾನವ್ವಾ. ಖಡಿ ಸಾಲಲ್ಲ ಅಂಬರಾಯಾ, ಮೋರಿ ಕಡೀದು ಮುಟ್ಟಬ್ಯಾಡ ಅಂತ ಕೈ ಮುಗದು ಹೇಳ್ದೆ. ಮಳಿಗಾಲದೊಳಗ ಹೊಳ್ಳಿ ಹಾಕ್ತೀನಿ, ಈಗ ನನ್ನ ಮಗಳು ನೋಡ್ತಾಳ ಅಂದ. ಭಾಳ ಹಟ!" ಎಂದ. ಹೋಗುವಾಗ ಮಾತ್ರ ಸಿಟ್ಟು ಇಳಿದು, "ಗೆರಿ ಚಂದ ಬಂತೇನವ್ವಾ?" ಎಂದು ಕೇಳಿದ. ಚಂದ ಬಂತು ಕಾಕಾ ಎಂದೆ.

ಇನ್‌ಸ್ಪೆಕ್ಟರ್ ಸೋಮವಾರ ನಿನ್ನ ಮೇಲೆ ವರದಿ ಕಳಿಸುತ್ತಾರಂತೆ. ಸಸ್ಪೆಂಡ್ ಮಾಡಬೇಕು ಎಂದು ಬರೆಯುತ್ತಾರಂತೆ. ಮೂವತ್ತೊಂದು ವರ್ಷ ಒಂದು ಕಪ್ಪು ಗುರುತಿಲ್ಲದ ನಿನ್ನ ಹೆಸರಿನ ಮುಂದೆ, ರಿಟೈರ್ ಆಗಲು ಮೂರು ತಿಂಗಳಿರುವಾಗ. ನಿನ್ನೆಯಿಂದ ಸಾಹೇಬರ ಗಾಡಿಯ ಮೆಟ್ಟಿಲವರೆಗೆ ಮೂರು ಸಲ ಹೋಗಿ ಬಂದೆ. ಒಮ್ಮೆ ಅವರು ಹಲ್ಲುಜ್ಜುತ್ತಿದ್ದರು, ಒಮ್ಮೆ ಯಾರೋ ಕೂತಿದ್ದರು, ಇನ್ನೊಮ್ಮೆ ಯಾರೂ ಇರಲಿಲ್ಲ, ಆದರೂ ತಿರುಗಿ ಬಂದೆ.

ಇದು ನಮ್ಮಿಬ್ಬರದಷ್ಟೇ ಅಲ್ಲ, ತಿಳಿದುಕೋ. ನಿನ್ನೆ ಮೋರಿಯ ಹತ್ತಿರ ಡಬ್ಬಿ ಎಗರದೆ ಹೋಗಿದ್ದರೆ ಆ ನೂಲಿನಂಥ ಗೆರೆಯನ್ನು ಅಳೆದು, ಕೆಟ್ಟ ಹಳಿಯ ಮೇಲೂ ಈ ಡಬ್ಬಿ ಎಪ್ಪತ್ತೈದಕ್ಕೆ ನೆಟ್ಟಗೆ ಓಡುತ್ತದೆ ಎಂದು ನಾನೇ ನನ್ನ ಕೈಯಾರೆ ಬರೆಯುತ್ತಿದ್ದೆ. ಎಲ್ಲೋ ಇನ್ನೊಂದು ಎರೆಮಣ್ಣಿನ ಏರಿಯ ಮೇಲೆ ಡಬ್ಬಿಗಳು ಉರುಳುತ್ತಿದ್ದವು. ಹಳಿ ಸರಿ ಇಟ್ಟಿಲ್ಲ ಎಂದು ಅಲ್ಲಿನ ಮೇಟ್ ಒಬ್ಬ ನಿನ್ನ ಹಾಗೇ ಪಟಗಾ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ನಾನು ಇದನ್ನೆಲ್ಲ ಕಲಿತವಳು, ನೀನಲ್ಲ. ಹಾಗಾಗಿ ನಿನ್ನನ್ನು ಬೈದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಖಡಿಯ ವಿಷಯ ಒಂದನ್ನು ಬಿಟ್ಟು.

ಖಡಿಯನ್ನು ನಾಳೆಯೇ ಮೋರಿಗೆ ಹೊತ್ತು ಹಾಕಿಸು. ವರದಿ ಬರಲಿ ಬಿಡಲಿ, ಮಿರಗಾ ಮಳೆಗೆ ಇನ್ನು ಇಪ್ಪತ್ತು ದಿನವೂ ಇಲ್ಲ. ಸೋಮವಾರ ಇನ್‌ಸ್ಪೆಕ್ಟರ್ ಕೇಳಿದರೆ ಬಣ್ಣದ ಗುರುತಿನ ಕಥೆ ಹೇಳಬೇಡ. ಮಗಳು ಪತ್ರ ಬರೆದಿದ್ದಳು ಎಂದು ಹೇಳು. ನನ್ನ ಕಾಲು ಹಿಡಿದು ಎಳೆದಂತಾಗುತ್ತದೆ ಎಂದು ನೀನು ಹಿಂಜರಿಯುತ್ತೀ. ಹಿಂಜರಿಯಬೇಡ. ನೌಕರಿ ಹೋದರೆ ಹೋಗಲಿ, ನನಗಿನ್ನೂ ಇಪ್ಪತ್ತಮೂರು ವರ್ಷ, ಕೈಯಲ್ಲಿ ಲೆಕ್ಕ ಇದೆ, ಶಹಾಬಾದಿನಲ್ಲೋ ಇಲ್ಲೋ ಯಾರಾದರೂ ಕೆಲಸ ಕೊಟ್ಟಾರು. ನಿನಗೆ ಇನ್ನೊಂದು ಮೂವತ್ತೊಂದು ವರ್ಷ ಯಾರು ಕೊಡುತ್ತಾರೆ? ಬಿಸಿಲಲ್ಲಿ ನೀರು ಕುಡಿಯುತ್ತಿರು. ಅವ್ವನ ಮೇಲೆ ರೇಗಬೇಡ.

ಇಂತಿ,
ನಿನ್ನೆ ಬಾಯಿ ತೆರೆಯದ ನಿನ್ನ ಮಗಳು,
ಚಂದಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಂಬರು ಬರೆದದ್ದೊಂದೇ ನನ್ನ ತಪ್ಪು ಎಂದು ಮೇಲೆ ಬರೆದೆನಲ್ಲ, ಅದು ಅರ್ಧ ಸುಳ್ಳು, ನಿನಗೂ ಗೊತ್ತು. ಆಫೀಸಿನಲ್ಲಿ ಈ ಮೈಲು ಯಾವ ಗ್ಯಾಂಗಿನದು ಎಂದು ಎಲ್ಲರೂ ನಕ್ಕ ದಿನ ನಾನು ನಮ್ಮಪ್ಪನದು ಎನ್ನಲಿಲ್ಲ, ಮನೆಗೆ ಬಂದು ನಿನಗೆ ಬರೆದೆ: "ಅಪ್ಪಾ, ಗಾಡಿ ಬರುವಷ್ಟರಲ್ಲಿ ಹೇಗಾದರೂ ಮಾಡಿ ಹಳಿ ನೆಟ್ಟಗೆ ಮಾಡು, ನಾಲ್ಕು ಜನರ ಮುಂದೆ ನನ್ನ ಮಾನ ಉಳಿಸು." ಮಾಡಬಾರದೆಂದು ಗೊತ್ತಿದ್ದೇ ಬರೆದೆ. ಈಗಷ್ಟೇ ನಾಲ್ಕನೆಯ ಸಲ ಹೋಗಿ ಸಾಹೇಬರ ಮುಂದೆ ಆ ಮಾತನ್ನು ಹೇಳಿದೆ. ಅವರು ಬರೆದುಕೊಂಡು ನನ್ನ ಸಹಿ ತೆಗೆದುಕೊಂಡರು. ಸೋಮವಾರದ ವರದಿಯಲ್ಲಿ ಮೊದಲನೆಯ ಹೆಸರು ನಿನ್ನದಿರುವುದಿಲ್ಲ. ಏಪ್ರಿಲಿನ ಆ ಪತ್ರವನ್ನು ನೀನು ಅವರಿಗೆ ನೋಡಲು ಕಳಿಸಿಕೊಡಬೇಕಂತೆ. ನೀನು ಅದನ್ನು ಶುಕ್ರವಾರವೇ ಸುಟ್ಟಿರುತ್ತೀ ಎಂದು ನನಗೆ ಗೊತ್ತು. ಚಿಂತೆಯಿಲ್ಲ, ಅವರ ಮುಂದೆಯೇ ಕೂತು ಮತ್ತೆ ಬರೆದುಕೊಟ್ಟಿದ್ದೇನೆ, ಒಂದಕ್ಷರವೂ ಮರೆತಿರಲಿಲ್ಲ.